ಸಂದರ್ಶನಕ್ಕೆ ಸಿದ್ಧತೆ: ಬಸ್ಸಿನ ಆಸನದಿಂದ ಒಂದು ಪಾಠ

ಕಳೆದ ಬೇಸಗೆಯ ರಜೆಯಲ್ಲಿ ಶಾಂತಿನಗರದ ಪೋಷಕರೊಬ್ಬರು ನಮ್ಮ ಮನೆಗೆ ಬಂದಿದ್ದರು. ಅವರ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಳಿಕ ಇಂಜಿನಿಯರಿಂಗ್ ಪದವಿಯನ್ನು ಮುಗಿಸಿದವಳು. ಬಸ್ಸು ರೈಲು ವಿಮಾನಗಳ ಟಿಕೆಟ್ಟುಗಳನ್ನು ಮೊಬೈಲಿನ ಮೂಲಕ ಒದಗಿಸುವ ಬೆಂಗಳೂರಿನ ಕಂಪನಿಯೊಂದರಿಂದ ಅವಳಿಗೆ ಸಂದರ್ಶನದ ಕರೆ ಬಂದಿದ್ದಿತು. ತಂದೆಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಗಿದ್ದಿತು. “ಸಾರ್, ಟಿಕೀಟು ಮಾರೋರಿಗೆ ಇಂಜಿನಿಯರ್ ಯಾಕ ಬೇಕ್ರಿ? ಕನ್ನಡದಾಗ ಓದಿದ ಹುಡುಗಿ ಅಲ್ಲಿ ಹೋಗಿ ಏನ್ ಮಾತಾಡ್ತದ?” ಎಂದು ಅವರು ಕೇಳಿದರು.

ಪ್ರಶ್ನೆಗಳು ಎರಡು, ಎರಡೂ ನ್ಯಾಯವಾದವು. ಮೊದಲನೆಯದಕ್ಕೆ ಅಂದು ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ನಾನು ಓದಿದ್ದು ಬಿ.ಎ., ಬಿ.ಟಿ.; ಗಣಕಶಾಸ್ತ್ರ ನನ್ನ ವಿಷಯವಲ್ಲ. ಆದರೆ ಆ ಹುಡುಗಿಯೊಡನೆಯೂ, ಈಗಾಗಲೇ ಇಂಥ ಉದ್ಯೋಗಗಳಲ್ಲಿರುವ ಇನ್ನು ಕೆಲವು ಹಳೆಯ ವಿದ್ಯಾರ್ಥಿಗಳೊಡನೆಯೂ ಕುಳಿತು ಕೇಳಿ ತಿಳಿದುಕೊಂಡ ಮೇಲೆ, ಈ ವಿಷಯದ ತಿರುಳು ನಮ್ಮ ಎಂಟನೆಯ ತರಗತಿಯ ಗಣಿತವನ್ನು ಬಲ್ಲ ಮಕ್ಕಳಿಗೂ ಎಟುಕುವಂಥದೆಂದು ತೋರಿತು. ಆದುದರಿಂದ ಈ ಸಂಚಿಕೆಗೆ ಇದನ್ನೇ ಪಾಠವಾಗಿ ಬರೆಯುತ್ತಿದ್ದೇನೆ.

ಟಿಕೆಟ್ಟು ಮಾರುವುದು ಎಷ್ಟು ಕಷ್ಟದ ಕೆಲಸವೆಂಬುದಕ್ಕೆ ಒಂದು ಹಳೆಯ ಪ್ರಸಂಗವುಂಟು. 1953ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಿಂದ ನ್ಯೂಯಾರ್ಕಿಗೆ ಹೋಗುವ ವಿಮಾನದಲ್ಲಿ ಸ್ಮಿತ್ ಎಂಬ ಒಂದೇ ಮನೆತನದ ಹೆಸರಿನ ಇಬ್ಬರು ಅಕಸ್ಮಾತ್ತಾಗಿ ಅಕ್ಕಪಕ್ಕದಲ್ಲಿ ಕುಳಿತರು. ಒಬ್ಬರು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಅಧ್ಯಕ್ಷರಾದ ಸಿ. ಆರ್. ಸ್ಮಿತ್, ಇನ್ನೊಬ್ಬರು ಐ.ಬಿ.ಎಂ. ಕಂಪನಿಯ ಮಾರಾಟ ವಿಭಾಗದ ಆರ್. ಬ್ಲೇರ್ ಸ್ಮಿತ್. ಆ ಕಾಲದಲ್ಲಿ ವಿಮಾನದ ಆಸನಗಳ ಲೆಕ್ಕವನ್ನು ರಟ್ಟಿನ ಕಾರ್ಡುಗಳ ಮೇಲೆ ಬರೆದಿಡುತ್ತಿದ್ದರು. ಕಾರ್ಡುಗಳ ಪೆಟ್ಟಿಗೆಯ ಸುತ್ತ ಕೆಲವೇ ಮಂದಿ ಗುಮಾಸ್ತರು ಕುಳಿತು ಹುಡುಕಬಹುದಾಗಿತ್ತು. ಹೆಚ್ಚು ಜನರಿಗೆ ಅಲ್ಲಿ ಸ್ಥಳವೇ ಇರಲಿಲ್ಲ. ಒಂದು ಆಸನ ಕಾದಿರಿಸುವ ಕೆಲಸ ಪೂರ್ಣವಾಗಲು ಒಂದೂವರೆ ಗಂಟೆಯಷ್ಟು ಕಾಲ ಹಿಡಿಯುತ್ತಿದ್ದಿತು. ಆ ಪ್ರಯಾಣದ ಸಂಭಾಷಣೆಯೇ ಬೀಜವಾಗಿ ‘ಸೇಬರ್’ ಎಂಬ ಗಣಕ ವ್ಯವಸ್ಥೆ ಹುಟ್ಟಿತು; 1960ರಲ್ಲಿ ಪ್ರಯೋಗವಾಗಿ ಆರಂಭಗೊಂಡು 1964ರ ಹೊತ್ತಿಗೆ ಪೂರ್ಣವಾಗಿ ಬಳಕೆಗೆ ಬಂದಿತು. ಅದೇ ಸೇಬರ್ ಇಂದು ಪ್ರತ್ಯೇಕ ಕಂಪನಿಯಾಗಿದ್ದು ಬೆಂಗಳೂರಿನಲ್ಲಿಯೂ ಅದರ ಕಚೇರಿಯಿದೆ.

ನಮ್ಮ ದೇಶದಲ್ಲಿ ರೈಲ್ವೆ ಇಲಾಖೆಯು 1980ರ ದಶಕದ ನಡುವೆ ದೆಹಲಿಯಲ್ಲಿ ಗಣಕಯಂತ್ರದ ಮೂಲಕ ಆಸನ ಕಾದಿರಿಸುವ ಪದ್ಧತಿಯನ್ನು ತೊಡಗಿಸಿತು. ಒಂದು ಊರಿನ ಗಣಕ ಇನ್ನೊಂದು ಊರಿನ ಗಣಕದೊಡನೆ ಮಾತನಾಡುವಂಥ ‘ಕಾನ್ಸರ್ಟ್’ ಎಂಬ ಸುಧಾರಿತ ವ್ಯವಸ್ಥೆಯನ್ನು 1994ರಲ್ಲಿ ಮೊದಲು ಸ್ಥಾಪಿಸಿದ್ದು ಎಲ್ಲಿ ಬಲ್ಲಿರಾ? ನಮ್ಮ ಸಿಕಂದರಾಬಾದಿನಲ್ಲಿ! 1999ರ ಏಪ್ರಿಲ್ ಹೊತ್ತಿಗೆ ದೆಹಲಿ, ಮುಂಬಯಿ, ಕಲಕತ್ತಾ, ಮದರಾಸು, ಸಿಕಂದರಾಬಾದು ಈ ಐದೂ ಕೇಂದ್ರಗಳು ಒಂದಕ್ಕೊಂದು ಜೋಡಣೆಯಾದುವು. 2002ರ ಆಗಸ್ಟಿನಿಂದ ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ರೈಲು ಟಿಕೆಟ್ಟು ಪಡೆಯುವುದು ಸಾಧ್ಯವಾಯಿತು.

ಬಸ್ಸಿನ ಕತೆ ನಮಗೆ ಇನ್ನೂ ಹತ್ತಿರದ್ದು. 2005ರ ದೀಪಾವಳಿಯ ಸಮಯದಲ್ಲಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಫಣೀಂದ್ರ ಸಾಮ ಎಂಬ ತರುಣ ಇಂಜಿನಿಯರು ಹೈದರಾಬಾದಿಗೆ ಹೋಗಲು ಬಸ್ಸಿನ ಟಿಕೆಟ್ಟು ಹುಡುಕಿ ಹುಡುಕಿ ಸಿಕ್ಕದೆ ಹಬ್ಬಕ್ಕೆ ಊರಿಗೆ ಹೋಗಲಾರದೆ ಉಳಿದರು. ಯಾವ ಬಸ್ಸಿನಲ್ಲಿ ಎಷ್ಟು ಆಸನ ಖಾಲಿ ಇವೆ ಎಂಬುದು ಯಾವ ಒಬ್ಬ ಏಜೆಂಟನಿಗೂ ಪೂರ್ತಿ ತಿಳಿಯದು. ಒಂದು ಕಡೆ ಜನರಿಗೆ ಆಸನವಿಲ್ಲ, ಇನ್ನೊಂದು ಕಡೆ ಆಸನಕ್ಕೆ ಜನರಿಲ್ಲ. ಈ ದೋಷವನ್ನು ಕಂಡು ಅವರೂ ಅವರ ಸಹಪಾಠಿಗಳಾದ ಚರಣ್ ಪದ್ಮರಾಜು, ಸುಧಾಕರ್ ಪಸುಪುನೂರಿ ಅವರೂ ಸೇರಿ 2006ರಲ್ಲಿ ಬೆಂಗಳೂರಿನಲ್ಲಿ ‘ರೆಡ್‌ಬಸ್’ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ 2013ರಲ್ಲಿ ಅದು ಐಬಿಬೊ ಸಮೂಹದ ಪಾಲಾಯಿತು. ಹಬ್ಬಕ್ಕೆ ಊರಿಗೆ ಹೋಗಲಾಗದ ಸಂಕಟವನ್ನು ನಮ್ಮ ಭಾಗದಲ್ಲಿ ಅನುಭವಿಸದವರು ಯಾರು? ಎಲ್ಲರೂ ಅನುಭವಿಸಿದೆವು, ಕಾರಣವನ್ನು ಹುಡುಕಿದವರು ಮೂವರು.

ಈಗ ಪಾಠಕ್ಕೆ ಬರೋಣ. ಇಂಥ ಕಂಪನಿಗಳ ಸಂದರ್ಶನದಲ್ಲಿ ಅಭ್ಯರ್ಥಿಗೆ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ಬಸ್ಸಿನ ಆಸನ ಕಾದಿರಿಸುವ ವ್ಯವಸ್ಥೆಯನ್ನು ನೀವು ಹೇಗೆ ಕಟ್ಟುವಿರಿ?” ನಮ್ಮ ಹುಡುಗಿಗೂ ಮೊದಲ ಸಂದರ್ಶನದಲ್ಲಿ ಇದನ್ನೇ ಕೇಳಿದರಂತೆ. ಅವಳು ಪುಸ್ತಕದಲ್ಲಿ ಓದಿದ ದೊಡ್ಡ ದೊಡ್ಡ ಹೆಸರುಗಳನ್ನು ನೆನೆಯಲು ಪ್ರಯತ್ನಿಸಿ, ಇಂಗ್ಲಿಷಿನಲ್ಲಿ ತಪ್ಪಾದೀತೆಂಬ ಅಂಜಿಕೆಯಿಂದ ಇಪ್ಪತ್ತು ನಿಮಿಷಗಳವರೆಗೆ ಬಹುಮಟ್ಟಿಗೆ ಮೌನವಾಗಿಯೇ ಇದ್ದಳು. ಆಯ್ಕೆಯಾಗಲಿಲ್ಲ. ಊರಿಗೆ ಬಂದು ನನ್ನೆದುರಿಗೆ ಕುಳಿತು ಅತ್ತಳು. “ಬಸ್ ಸ್ಟ್ಯಾಂಡಿನಲ್ಲಿ ನೀನು ಆಸನ ಹಿಡಿಯುವುದು ಹೇಗಮ್ಮ?” ಎಂದು ನಾನು ಕೇಳಿದೆನು. ಅವಳು ಅಳುವನ್ನು ನಿಲ್ಲಿಸಿ ನಕ್ಕಳು.

ಮಕ್ಕಳೇ, ನೀವೂ ಬಲ್ಲಿರಿ. ಗದ್ವಾಲದ ಅಥವಾ ಮಕ್ತಲಿನ ನಿಲ್ದಾಣದಲ್ಲಿ ಸಂತೆಯ ದಿನ ಬಸ್ಸು ಬಂದು ನಿಲ್ಲುವ ಮೊದಲೇ ಜನರು ಓಡುತ್ತ ಹೋಗಿ ಕಿಟಕಿಯೊಳಗಿಂದ ದಸ್ತಿಯನ್ನೋ ಟವಲನ್ನೋ ಚೀಲವನ್ನೋ ಆಸನದ ಮೇಲೆ ಎಸೆಯುತ್ತಾರೆ. ದಸ್ತಿ ಬಿದ್ದ ಆಸನ ಆ ವ್ಯಕ್ತಿಯದು. ಯಾರೂ ಬರೆಯದ ಈ ಕಾನೂನನ್ನು ಎಲ್ಲರೂ ಪಾಲಿಸುತ್ತಾರೆ. ಗಣಕಯಂತ್ರದಲ್ಲಿ ಆಸನ ಕಾದಿರಿಸುವ ವಿಧಾನವೂ ಮೂಲತಃ ಇದೇ. ನೀವು ಮೊಬೈಲಿನಲ್ಲಿ ಒಂದು ಆಸನದ ಚಿತ್ರವನ್ನು ಮುಟ್ಟಿ ಹಣ ಕೊಡಲು ಮುಂದುವರಿದೊಡನೆ ಯಂತ್ರವು ಆ ಆಸನದ ಮೇಲೆ ನಿಮ್ಮ ಹೆಸರಿನ ದಸ್ತಿಯೊಂದನ್ನು ಹಾಕಿಡುತ್ತದೆ. ಇದಕ್ಕೆ ಅವರ ಪರಿಭಾಷೆಯಲ್ಲಿ ‘ಲಾಕ್’, ಅಂದರೆ ಬೀಗ ಎನ್ನುವರು.

ಆದರೆ ದಸ್ತಿಯ ಪದ್ಧತಿಯಲ್ಲಿ ಜಗಳಗಳೂ ಇವೆ. ಇಂಜಿನಿಯರನಿಗೆ ಸಂಬಳ ಸಿಕ್ಕುವುದು ಆ ಜಗಳಗಳನ್ನು ತೀರಿಸುವುದಕ್ಕಾಗಿಯೇ. ಮೊದಲನೆಯ ಜಗಳ: ಎಡಗಿಟಕಿಯಿಂದ ಒಬ್ಬನು, ಬಾಗಿಲಿನಿಂದ ಇನ್ನೊಬ್ಬನು, ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ಆಸನಕ್ಕೆ ಟವಲು ಎಸೆದರೆ ಅದು ಯಾರದು? ಬಸ್ಸಿನಲ್ಲಿ ದನಿ ದೊಡ್ಡದಿದ್ದವನು ಗೆಲ್ಲುವನು. ಯಂತ್ರದಲ್ಲಿ ಹಾಗಾಗಬಾರದು. ಇಲ್ಲಿ ಕಣ್ಣಿಗೆ ಕಾಣದ ಒಂದು ಮೋಸವಿದೆ. ‘ಆಸನ ಖಾಲಿ ಇದೆಯೇ ಎಂದು ನೋಡು; ಇದ್ದರೆ ಕೊಡು’ ಎಂಬುದು ಒಂದು ಕೆಲಸದಂತೆ ಕಂಡರೂ ಎರಡು ಕೆಲಸ. ರಾಮನು ನೋಡಿದಾಗ ಖಾಲಿ; ಅವನಿಗೆ ಕೊಡುವ ಮುನ್ನವೇ ಭೀಮನೂ ನೋಡಿದನು, ಆಗಲೂ ಖಾಲಿ; ಈಗ ಇಬ್ಬರಿಗೂ ಕೊಟ್ಟಂತಾಯಿತು. ನೋಡುವುದೂ ಕೊಡುವುದೂ ನಡುವೆ ಬೆರಳು ತೂರದಂತೆ ಒಂದೇ ಉಸಿರಿನ ಕ್ರಿಯೆಯಾಗಬೇಕು. ಇದಕ್ಕಾಗಿ ಒಂದು ಆಸನದ ತೀರ್ಮಾನವನ್ನು ಒಂದೇ ಕಡೆ, ಒಬ್ಬರ ನಂತರ ಒಬ್ಬರಂತೆ ಸರದಿಯಲ್ಲಿ ನಡೆಸುತ್ತಾರೆ. ಬಸ್ಸಿನಲ್ಲಿ ಆ ಅಧಿಕಾರ ಕಂಡಕ್ಟರನದು. ಎಷ್ಟು ಜನರು ಕೂಗಿದರೂ ಅವನ ಕೈಯಿಂದ ಒಂದು ಸಲಕ್ಕೆ ಒಂದೇ ಟಿಕೆಟ್ಟು ಹೊರಬರುತ್ತದೆ.

ಎರಡನೆಯ ಜಗಳ: ದಸ್ತಿ ಹಾಕಿದ ಮನುಷ್ಯ ಚಹಾ ಕುಡಿಯಲು ಹೋದವನು ಬರಲೇ ಇಲ್ಲ. ಬಸ್ಸು ಹೊರಡುವ ಹೊತ್ತು. ನಿಂತ ಮುದುಕಿಗೆ ಆಸನವಿಲ್ಲ. ಆಸನದ ಮೇಲೆ ಒಂದು ದಸ್ತಿ ಮಾತ್ರ ಸುಖವಾಗಿ ಪ್ರಯಾಣ ಮಾಡುತ್ತಿದೆ. ಆದುದರಿಂದ ದಸ್ತಿಗೆ ಆಯುಷ್ಯವನ್ನು ಕೊಡಬೇಕು. ಗೊತ್ತಾದ ಕೆಲವು ನಿಮಿಷಗಳೊಳಗಾಗಿ ಹಣ ಬಾರದಿದ್ದರೆ ಬೀಗ ತಾನಾಗಿಯೇ ಕಳಚಿ ಆಸನವು ಮತ್ತೊಬ್ಬರಿಗೆ ತೆರೆಯಬೇಕು. ಈ ಅವಧಿ ಬಹಳ ಚಿಕ್ಕದಾದರೆ ಮುದುಕರು ಹಣ ಕಟ್ಟುವಷ್ಟರಲ್ಲಿ ಆಸನ ಕೈ ತಪ್ಪುವುದು. ಬಹಳ ದೊಡ್ಡದಾದರೆ ಕೊಳ್ಳದವರು ಬಸ್ಸನ್ನೆಲ್ಲ ಹಿಡಿದಿಡುವರು. ಯಾವುದು ಸರಿ ಎಂದು ಸಂದರ್ಶಕರು ಕೇಳಿದರೆ ಒಂದೇ ಸಂಖ್ಯೆಯನ್ನು ಹೇಳಿ ಕೈ ತೊಳೆದುಕೊಳ್ಳುವುದಕ್ಕಿಂತ ಈ ಎರಡು ಕಷ್ಟಗಳನ್ನೂ ಹೇಳಿ ತೂಗಿ ತೋರಿಸುವುದು ಉತ್ತಮ.

ಮೂರನೆಯದನ್ನು ಹೇಳಿಕೊಟ್ಟವರು ಹುಡುಗಿಯ ತಾಯಿ. ಮಗಳಿಗೆ ನಾನು ಒಂದು ನಿಯಮವನ್ನು ಹಾಕಿದ್ದೆನು: ದಿನವೂ ರಾತ್ರಿ ಒಂದು ಪ್ರಶ್ನೆಯ ಉತ್ತರವನ್ನು ಮನೆಯಲ್ಲಿ ತಾಯಿಗೆ ಕನ್ನಡದಲ್ಲಿ ವಿವರಿಸಿ ಹೇಳಬೇಕು, ತಾಯಿಗೆ ಅರ್ಥವಾಗದಿದ್ದರೆ ಮಗಳಿಗೂ ಅರ್ಥವಾಗಿಲ್ಲವೆಂದೇ ಲೆಕ್ಕ. ಆ ತಾಯಿ ಬೀಜದ ಹತ್ತಿಯ ಹೊಲದಲ್ಲಿ ದಿನವೆಲ್ಲ ಹೂವಿನ ಕೆಲಸ ಮಾಡಿ ಬಂದು, ರೊಟ್ಟಿ ತಟ್ಟುತ್ತ ಕೇಳುತ್ತಿದ್ದರಂತೆ. ದಸ್ತಿಯ ವಿಷಯವೆಲ್ಲ ಮುಗಿದ ಮೇಲೆ, “ರೊಕ್ಕ ಹೋತು, ಅಷ್ಟರಾಗ ಫೋನ್ ಬಂದ್ ಆತು. ಆವಾಗ ನನ್ನ ರೊಕ್ಕಾನೂ ಇಲ್ಲ, ಟಿಕೀಟೂ ಇಲ್ಲ. ತಿರುಗಿ ಒತ್ತಿದ್ರ ಎರಡು ಸಲ ರೊಕ್ಕ ಹೋಗ್ತದೇನವ್ವ?” ಎಂದು ಕೇಳಿದರು. ಮಗಳು ಉತ್ತರವಿಲ್ಲದೆ ಕುಳಿತಳು. ಮರುದಿನವೆಲ್ಲ ಓದಿ ಉತ್ತರವನ್ನು ಕಂಡುಕೊಂಡಳು. ಪ್ರತಿಯೊಂದು ವ್ಯವಹಾರಕ್ಕೂ ಮೊದಲೇ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟುಬಿಡಬೇಕು. ಪ್ರಯಾಣಿಕನು ಗಾಬರಿಯಿಂದ ಮೂರು ಸಲ ಗುಂಡಿ ಒತ್ತಿದರೂ ಮೂರರ ಮೇಲೂ ಅದೇ ಸಂಖ್ಯೆ ಇರುತ್ತದೆ. ಆಗ ಯಂತ್ರವು ‘ಇದು ಆಗಲೇ ಬಂದುಹೋದ ವ್ಯವಹಾರ’ ಎಂದು ತಿಳಿದು ಹಳೆಯ ಉತ್ತರವನ್ನೇ ಮರಳಿ ಕೊಡುತ್ತದೆ, ಹೊಸದಾಗಿ ಹಣ ತೆಗೆಯುವುದಿಲ್ಲ. ಹಣ ಬಂದೂ ಆಸನ ಕೊಡಲಾಗದಿದ್ದರೆ ಹಣವನ್ನು ತಾನಾಗಿಯೇ ಹಿಂದಿರುಗಿಸುವ ಏರ್ಪಾಡು ಬೇರೆ ಇರಬೇಕು. ಎರಡನೆಯ ಸಂದರ್ಶನದಲ್ಲಿ ಇದೇ ಪ್ರಶ್ನೆ ಬಂದಿತಂತೆ, ಬಹುಮಟ್ಟಿಗೆ ತಾಯಿಯ ಮಾತಿನಲ್ಲಿಯೇ!

ಇನ್ನು ಸ್ವಲ್ಪ ಗಣಿತ. ನಮ್ಮ ಬಸ್ಸುಗಳಲ್ಲಿ ಒಬ್ಬ ಪ್ರಯಾಣಿಕನು ಆಸನವನ್ನು ಕೊನೆಯವರೆಗೂ ಹಿಡಿಯುವುದಿಲ್ಲ. ನಡುವೆ ಇಳಿಯುತ್ತಾನೆ, ಅಲ್ಲಿಂದ ಬೇರೊಬ್ಬನು ಕೂರುತ್ತಾನೆ. ಹೈದರಾಬಾದಿನಿಂದ ರಾಯಚೂರಿಗೆ ಹೋಗುವ ಬಸ್ಸನ್ನು ತೆಗೆದುಕೊಳ್ಳಿ. ನಿಲ್ದಾಣಗಳಿಗೆ ಅಂಕೆ ಕೊಡೋಣ: ಹೈದರಾಬಾದು 0, ಜಡಚರ್ಲ 1, ಮಹಬೂಬ್‌ನಗರ 2, ಮಕ್ತಲ್ 3, ರಾಯಚೂರು 4. ನಡುವಿನ ಹಾದಿಯ ತುಂಡುಗಳು ನಾಲ್ಕು. ಅವುಗಳಿಗೆ ಕ್ರಮವಾಗಿ 1, 2, 4, 8 ಎಂಬ ಬೆಲೆಗಳನ್ನು ಕಟ್ಟೋಣ. ಒಂದೊಂದೂ ಹಿಂದಿನದರ ಇಮ್ಮಡಿಯಾದುದರಿಂದ ಯಾವ ಯಾವ ತುಂಡುಗಳನ್ನು ಕೂಡಿದರೂ ಮೊತ್ತವನ್ನು ನೋಡಿಯೇ ತುಂಡುಗಳನ್ನು ಹೇಳಬಹುದು.

ಹೈದರಾಬಾದಿನಿಂದ ಮಹಬೂಬ್‌ನಗರಕ್ಕೆ ಹೋಗುವವನು 1 ಮತ್ತು 2, ಒಟ್ಟು 3ನ್ನು ಹಿಡಿಯುತ್ತಾನೆ. ಮಕ್ತಲಿನಿಂದ ರಾಯಚೂರಿಗೆ ಹೋಗುವವನದು 8. ಇವರಲ್ಲಿ ಸಾಮಾನ್ಯವಾದ ತುಂಡು ಇಲ್ಲ. ಒಂದೇ ಆಸನ ಇಬ್ಬರಿಗೂ ಸಾಕು, ಮೊತ್ತ 11. ಇನ್ನು ಉಳಿದಿರುವುದು 4, ಅಂದರೆ ಮಹಬೂಬ್‌ನಗರದಿಂದ ಮಕ್ತಲಿನವರೆಗೆ. ಆ ತುಂಡಿಗೂ ಒಬ್ಬನು ಸಿಕ್ಕಿದರೆ ಮೊತ್ತ 15 ಆಗಿ ಆಸನ ಪೂರ್ಣ ತುಂಬಿತು. ಜಡಚರ್ಲದಿಂದ ಮಕ್ತಲಿಗೆ ಹೋಗುವವನದು 2 ಮತ್ತು 4, ಒಟ್ಟು 6. ಮೊದಲನೆಯವನ 3ರಲ್ಲಿಯೂ ಈ 6ರಲ್ಲಿಯೂ 2 ಎಂಬ ತುಂಡು ಸಾಮಾನ್ಯವಾಗಿರುವುದರಿಂದ ಇವರಿಬ್ಬರಿಗೆ ಒಂದೇ ಆಸನ ಸಲ್ಲದು. ಗಣಕಯಂತ್ರವು ಈ ಹೋಲಿಕೆಯನ್ನು ಒಂದೇ ಹೆಜ್ಜೆಯಲ್ಲಿ ಮಾಡಬಲ್ಲುದು, ಏಕೆಂದರೆ ಅದರ ಅಂಕೆಗಳೆಲ್ಲ ಒಳಗೆ ಹೀಗೆಯೇ ಇಮ್ಮಡಿಗಳಿಂದ ಕಟ್ಟಲ್ಪಟ್ಟಿವೆ. ಕೋಷ್ಟಕವಿಲ್ಲದೆಯೂ ಒಂದು ಸೂತ್ರದಿಂದ ಇದನ್ನು ಹೇಳಬಹುದು: ಒಬ್ಬನು ಹತ್ತುವ ಅಂಕೆ ಇನ್ನೊಬ್ಬನು ಇಳಿಯುವ ಅಂಕೆಗಿಂತ ಕಡಿಮೆಯಾಗಿದ್ದು, ಇನ್ನೊಬ್ಬನು ಹತ್ತುವ ಅಂಕೆಯೂ ಮೊದಲನೆಯವನು ಇಳಿಯುವ ಅಂಕೆಗಿಂತ ಕಡಿಮೆಯಾಗಿದ್ದರೆ ಮಾತ್ರ ತಕರಾರು. ಸಮವಾದರೆ ತಕರಾರಿಲ್ಲ, ಒಬ್ಬನು ಇಳಿದಲ್ಲಿಯೇ ಇನ್ನೊಬ್ಬನು ಹತ್ತುತ್ತಾನೆ.

ಇದರಿಂದ ಹುಟ್ಟುವ ಇನ್ನೊಂದು ಪ್ರಶ್ನೆಯನ್ನು ಸಂದರ್ಶಕರು ಬಹಳ ಪ್ರೀತಿಯಿಂದ ಕೇಳುತ್ತಾರೆ. ಐವರು ಪ್ರಯಾಣಿಕರು: 0ಯಿಂದ 2ಕ್ಕೆ, 1ರಿಂದ 3ಕ್ಕೆ, 3ರಿಂದ 4ಕ್ಕೆ, 0ಯಿಂದ 1ಕ್ಕೆ, 2ರಿಂದ 4ಕ್ಕೆ. ಕನಿಷ್ಠ ಎಷ್ಟು ಆಸನಗಳು ಬೇಕು? ಪ್ರತಿಯೊಂದು ನಿಲ್ದಾಣದಲ್ಲಿಯೂ ಮೊದಲು ಇಳಿಯುವವರನ್ನು ಕಳೆದು, ಆಮೇಲೆ ಹತ್ತುವವರನ್ನು ಕೂಡುತ್ತ ಹೋಗಿರಿ. ಹೈದರಾಬಾದಿನಲ್ಲಿ ಇಬ್ಬರು ಹತ್ತಿದರು: 2. ಜಡಚರ್ಲದಲ್ಲಿ ಒಬ್ಬನು ಇಳಿದು ಒಬ್ಬನು ಹತ್ತಿದನು: 2. ಮಹಬೂಬ್‌ನಗರದಲ್ಲಿಯೂ ಮಕ್ತಲಿನಲ್ಲಿಯೂ ಹಾಗೆಯೇ: 2, 2. ಯಾವ ಕ್ಷಣದಲ್ಲಿಯೂ ಎರಡಕ್ಕಿಂತ ಹೆಚ್ಚು ಜನರಿಲ್ಲ. ಆದ್ದರಿಂದ ಐವರಿಗೆ ಎರಡು ಆಸನಗಳು ಸಾಕು. ‘ಮೊದಲು ಇಳಿಯುವವರಿಗೆ ದಾರಿ ಬಿಡಿ’ ಎಂದು ಕಂಡಕ್ಟರನು ಕೂಗುವುದರಲ್ಲಿ ಎಷ್ಟು ಗಣಿತವಿದೆ ನೋಡಿರಿ. ಕ್ರಮವನ್ನು ತಿರುಗುಮುರುಗು ಮಾಡಿ ಮೊದಲು ಹತ್ತಿಸಿದರೆ ಉತ್ತರ ಮೂರಾಗಿ ತಪ್ಪುವುದು.

ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಹುಡುಕುವ ಪ್ರಶ್ನೆಯೂ ಬರುವುದುಂಟು. 1956ರಲ್ಲಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಗಣಿತಜ್ಞರು ತಮ್ಮ ಭಾವೀ ಪತ್ನಿಯೊಡನೆ ಆಮ್‌ಸ್ಟರ್‌ಡಾಮಿನ ಅಂಗಡಿಗಳನ್ನು ಸುತ್ತಿ ದಣಿದು ಕಾಫಿ ಅಂಗಡಿಯ ಜಗಲಿಯಲ್ಲಿ ಕುಳಿತಾಗ, ಇಪ್ಪತ್ತು ನಿಮಿಷಗಳಲ್ಲಿ, ಕಾಗದ ಪೆನ್ಸಿಲುಗಳಿಲ್ಲದೆ ಇದರ ಉಪಾಯವನ್ನು ಕಂಡುಹಿಡಿದರು. 1959ರಲ್ಲಿ ಅದನ್ನು ಪ್ರಕಟಿಸಿದರು. ಹೊರಟ ಊರಿನಿಂದ ಅತಿ ಹತ್ತಿರದ ಊರನ್ನು ಮೊದಲು ನಿಶ್ಚಯಿಸಿಕೊಂಡು, ಅದರ ಮೂಲಕ ನೆರೆಯ ಊರುಗಳಿಗೆ ಹಿಂದೆ ತಿಳಿದುದಕ್ಕಿಂತ ಹತ್ತಿರವಾಗುವುದಾದರೆ ಆ ದೂರವನ್ನು ತಿದ್ದಿಕೊಂಡು, ಮತ್ತೆ ಉಳಿದವುಗಳಲ್ಲಿ ಅತಿ ಹತ್ತಿರದ್ದನ್ನು ಆರಿಸುತ್ತ ಹೋಗುವುದೇ ಆ ಉಪಾಯ. ಅವರು ತಮ್ಮ ಯಂತ್ರದ ಪ್ರದರ್ಶನಕ್ಕೆ ಆರಿಸಿಕೊಂಡ ಊರುಗಳು 64. ಆರು ಇಮ್ಮಡಿಗಳಲ್ಲಿ ಬರೆಯಲು ಅನುಕೂಲವಾಗಲೆಂದು ಆ ಸಂಖ್ಯೆ. ನಮ್ಮ ನಕ್ಷೆಯಲ್ಲಿ ದಾರಿಗಳೇ ಬದಲಾಗುತ್ತವೆಂಬುದನ್ನೂ ನೆನಪಿಡಿ. 2013ರಲ್ಲಿ ಗದ್ವಾಲ ರಾಯಚೂರು ರೈಲುಮಾರ್ಗ ತೆರೆಯಿತು; 2023ರ ಅಕ್ಟೋಬರ್ 1ರಂದು ಜಕ್ಲೇರದಿಂದ ಕೃಷ್ಣಾ ನಿಲ್ದಾಣದವರೆಗಿನ 37 ಕಿಲೋಮೀಟರ್ ಹೊಸ ಮಾರ್ಗ ಉದ್ಘಾಟನೆಯಾಯಿತು. ಮಾರ್ಗವೊಂದು ಸೇರಿದ ದಿನ ನಿನ್ನೆಯ ಸರಿಯುತ್ತರ ಇಂದು ತಪ್ಪಾಗಬಹುದು.

ಚಿಕ್ಕ ವಿಷಯಗಳಲ್ಲಿ ಎಡವುವವರೇ ಹೆಚ್ಚು. ಹಣದ ಲೆಕ್ಕವನ್ನು ದಶಾಂಶದ ರೂಪಾಯಿಗಳಲ್ಲಿ ಇಡಬಾರದು, ಪೂರ್ಣಾಂಕದ ಪೈಸೆಗಳಲ್ಲಿ ಇಡಬೇಕು. ಇಮ್ಮಡಿಗಳ ಯಂತ್ರಕ್ಕೆ ಹತ್ತನೆಯ ಒಂದು ಭಾಗವನ್ನು ನಿಖರವಾಗಿ ಬರೆಯಲು ಬಾರದು. ಸಾಮಾನ್ಯ ರೀತಿಯಲ್ಲಿ 0.1ನ್ನೂ 0.2ನ್ನೂ ಕೂಡಿಸಿದರೆ ಅದು 0.3ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಹೇಳುತ್ತದೆ. ಮಧ್ಯರಾತ್ರಿಯ ಬಸ್ಸು ಇನ್ನೊಂದು ಬಲೆ. 15ನೆಯ ತಾರೀಖು ರಾತ್ರಿ 12 ಗಂಟೆ 15 ನಿಮಿಷದ ಬಸ್ಸೆಂದರೆ 14ರ ರಾತ್ರಿ ಊಟ ಮಾಡಿ ಹೊರಡಬೇಕಾದ ಬಸ್ಸು. 15ರ ರಾತ್ರಿ ಗಂಟುಮೂಟೆ ಸಹಿತ ನಿಲ್ದಾಣಕ್ಕೆ ಹೋಗಿ ಪೆಚ್ಚಾದವರನ್ನು ನಾನು ಬಲ್ಲೆ. (ಅವರಲ್ಲಿ ಒಬ್ಬ ಮುಖ್ಯೋಪಾಧ್ಯಾಯನೂ ಉಂಟು.) ಹತ್ತು ಲಕ್ಷ ಹೆಸರುಗಳ ಅಕಾರಾದಿ ಪಟ್ಟಿಯಲ್ಲಿ ಒಂದನ್ನು ಹುಡುಕಲು ಪ್ರತಿ ಸಲವೂ ಅರ್ಧ ಭಾಗವನ್ನು ಕೈಬಿಡುತ್ತ ಹೋದರೆ ಇಪ್ಪತ್ತು ಹೆಜ್ಜೆಗಳು ಸಾಕು, ಇದನ್ನು ಎರಡರ ಇಪ್ಪತ್ತನೆಯ ಘಾತದಿಂದ ನೀವೇ ತಾಳೆ ನೋಡಬಹುದು.

ಇನ್ನು ತಂದೆಯವರ ಎರಡನೆಯ ಪ್ರಶ್ನೆ. ಸಂದರ್ಶನವೆಂಬುದು ಸಾಮಾನ್ಯವಾಗಿ ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲು ಗಣಕದ ಮೇಲೆ ಕೊಟ್ಟ ಕಾಲದೊಳಗೆ ಕ್ರಮವಿಧಿ ಬರೆಯುವ ಪರೀಕ್ಷೆ. ಅನಂತರ ಒಬ್ಬಿಬ್ಬರು ಇಂಜಿನಿಯರುಗಳ ಮುಂದೆ ಸಮಸ್ಯೆ ಬಿಡಿಸುವುದು. ಮೇಲೆ ಹೇಳಿದ ಬಸ್ಸಿನ ಪ್ರಶ್ನೆಯಂಥ ವ್ಯವಸ್ಥೆಯ ರಚನೆ. ಕೊನೆಗೆ ಸ್ವಭಾವವನ್ನೂ ಹಿಂದಿನ ಕೆಲಸವನ್ನೂ ಕುರಿತ ಮಾತುಕತೆ. ಸಂದರ್ಶಕರಿಗೆ ಬೇಕಾದುದು ಉತ್ತರ ಮಾತ್ರವಲ್ಲ. ಅಭ್ಯರ್ಥಿಯು ಹೇಗೆ ಯೋಚಿಸುವನೆಂಬುದು ಅವರ ಕಿವಿಗೆ ಬೀಳಬೇಕು. ಆದುದರಿಂದ ಮೌನವೇ ದೊಡ್ಡ ದೋಷ. ಅರ್ಧಂಬರ್ಧ ಇಂಗ್ಲಿಷು ಎರಡನೆಯ ದೋಷವೂ ಅಲ್ಲವೆಂದು ನನ್ನ ಅಭಿಪ್ರಾಯ. “ಬಸ್ಸು ನಡುವೆ ನಿಲ್ಲುವುದೋ, ನೇರವಾಗಿ ಹೋಗುವುದೋ? ಹಬ್ಬದ ದಿನ ಎಷ್ಟು ಜನ ಒಮ್ಮೆಗೆ ಬರಬಹುದು?” ಎಂದು ಮೊದಲು ಎದುರುಪ್ರಶ್ನೆಗಳನ್ನು ಕೇಳಿ, ಒಂದು ಚಿಕ್ಕ ಉದಾಹರಣೆಯನ್ನು ಕಾಗದದ ಮೇಲೆ ಬಿಡಿಸಿ, ಸರಳವಾದ ಉಪಾಯವನ್ನು ಹೇಳಿ, ಅದರ ಕುಂದನ್ನು ತಾನೇ ತೋರಿಸಿ, ಆಮೇಲೆ ತಿದ್ದಬೇಕು. ತಿಳಿಯದ್ದನ್ನು ತಿಳಿಯದೆಂದು ಹೇಳಬೇಕು. ಅರ್ಜಿಯಲ್ಲಿ ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯಲೇಬಾರದು. ಎರಡನೆಯ ಪ್ರಶ್ನೆಗೇ ಅದು ಬಯಲಾಗುವುದು.

ಕನ್ನಡದಲ್ಲಿ ಓದಿದವರಿಗೆ ವಿಷಯ ಕಡಿಮೆ ತಿಳಿಯುವುದಿಲ್ಲ, ಶಬ್ದಗಳ ಪರಿಚಯ ಕಡಿಮೆ. ಇದು ಆರು ತಿಂಗಳ ಸಾಧನೆಯಿಂದ ತೀರುವ ಕೊರತೆ. ನಮ್ಮ ಹುಡುಗಿಯು ಒಂದು ನೋಟುಬುಕ್ಕಿನಲ್ಲಿ ಎಡಗಡೆ ಕನ್ನಡದಲ್ಲಿ ಅರ್ಥವನ್ನೂ ಬಲಗಡೆ ಅದರ ಇಂಗ್ಲಿಷ್ ಶಬ್ದವನ್ನೂ ಬರೆದು, ರಾತ್ರಿ ತಾಯಿಗೆ ಕನ್ನಡದಲ್ಲಿ ಹೇಳಿದ್ದನ್ನೇ ಬೆಳಗ್ಗೆ ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಎರಡನೆಯ ಕಂಪನಿಯಲ್ಲಿ ಕೊನೆಯ ಸುತ್ತಿನವರೆಗೆ ಹೋಗಿ ನಿಂತಳು. ಮೂರನೆಯದರಲ್ಲಿ ಆಯ್ಕೆಯಾದಳು. ಅಲ್ಲಿ ದಸ್ತಿಯ ದೃಷ್ಟಾಂತವನ್ನು ಹೇಳಿದಾಗ ಸಂದರ್ಶಕರಲ್ಲಿ ಒಬ್ಬರು ನಕ್ಕು, ತಾವೂ ಬೀದರ ಕಡೆಯವರೆಂದು ಕನ್ನಡದಲ್ಲಿ ಹೇಳಿದರಂತೆ. ಮುಂದಿನ ಪ್ರಶ್ನೆಯನ್ನು ಮಾತ್ರ ಮೊದಲಿಗಿಂತ ಕಠಿಣವಾಗಿಯೇ ಕೇಳಿದರಂತೆ.

ಪೋಷಕರಲ್ಲಿ ಎರಡು ಮಾತು. ಉದ್ಯೋಗ ಕೊಡುವ ನಿಜವಾದ ಕಂಪನಿಯು ಅಭ್ಯರ್ಥಿಯಿಂದ ಠೇವಣಿ, ತರಬೇತಿ ಶುಲ್ಕ, ‘ಲ್ಯಾಪ್‌ಟಾಪ್ ಹಣ’ ಎಂದು ಯಾವುದನ್ನೂ ಕೇಳುವುದಿಲ್ಲ. ಹಣ ಕೇಳಿದರೆ ಅಲ್ಲಿಗೇ ಫೋನನ್ನು ಇಡಿರಿ. ಹೊಲ ಒತ್ತೆಯಿಟ್ಟು ಕಳುಹಿಸಿದವರನ್ನು ನಾನು ಕಂಡಿದ್ದೇನೆ. ಸಂದರ್ಶನವು ಈಗ ಬಹಳ ಸಲ ಮನೆಯಿಂದಲೇ, ದೂರದರ್ಶನದಂತೆ ಗಣಕದ ಪರದೆಯ ಮೇಲೆ ನಡೆಯುತ್ತದೆ. ಆ ಒಂದು ಗಂಟೆ ಮಗುವಿಗೆ ಬಾಗಿಲು ಹಾಕಿದ ಒಂದು ಕೋಣೆಯನ್ನು ಕೊಡಿರಿ. ನೆಂಟರನ್ನು ಜಗಲಿಯಲ್ಲಿ ಕೂರಿಸಿರಿ. ಕರೆಂಟು ಹೋದರೆ ಉಪಯೋಗಕ್ಕೆ ಬರುವಂತೆ ಮೊಬೈಲನ್ನು ತುಂಬಿಸಿಡಿರಿ. ಹೆಣ್ಣುಮಕ್ಕಳಿಗೆ ಆ ಹೊತ್ತಿನಲ್ಲಿ ಚಹಾ ಮಾಡುವ ಕೆಲಸವನ್ನು ಹೇಳಬೇಡಿರಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ತೆಲಂಗಾಣದಲ್ಲಿ 2023ರ ಡಿಸೆಂಬರ್ 9ರಿಂದ ಸ್ತ್ರೀಯರಿಗೆ ಪಲ್ಲೆವೆಲುಗು ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಏರ್ಪಾಡಾಯಿತು. ಅದು ಈ ರಾಜ್ಯದ ಸ್ತ್ರೀಯರಿಗೆ, ರಾಜ್ಯದ ಗಡಿಯವರೆಗೆ ಮಾತ್ರ. ಕಂಡಕ್ಟರನು ಅವರಿಗೆ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಹರಿದು ಕೊಡುತ್ತಾನೆ. ಸೊನ್ನೆ ಬೆಲೆಯ ಟಿಕೆಟ್ಟೂ ಟಿಕೆಟ್ಟೇ, ಅದಿಲ್ಲದೆ ಸರ್ಕಾರದ ಲೆಕ್ಕ ನಿಲ್ಲದು. ಈಗ ಮಕ್ತಲಿನಿಂದ ರಾಯಚೂರಿಗೆ ಹೋಗುವ ನಮ್ಮ ಎಕ್ಸ್‌ಪ್ರೆಸ್ ಬಸ್ಸು ಕೃಷ್ಣಾ ನದಿಯ ಸೇತುವೆಯ ಮೇಲೆ ಗಡಿಯನ್ನು ದಾಟುತ್ತದೆ. ಬಸ್ಸಿನಲ್ಲಿ ಮಕ್ತಲಿನ ಒಬ್ಬ ತಾಯಿ, ಅವರ ಗಂಡ, ರಾಯಚೂರಿನಿಂದ ಬಂದು ತಿರುಗಿ ಹೋಗುತ್ತಿರುವ ಅವರ ಅಕ್ಕ, ಈ ಮೂವರು ಇದ್ದಾರೆ. ಮಕ್ತಲಿನಿಂದ ಗಡಿಯವರೆಗಿನ ದರವನ್ನು ‘ಕ’ ಎಂದೂ ಗಡಿಯಿಂದ ರಾಯಚೂರಿನ ದರವನ್ನು ‘ಖ’ ಎಂದೂ ಇಟ್ಟುಕೊಂಡು, ಯಾರು ಎಷ್ಟು ಕೊಡಬೇಕೆಂಬ ನಿಯಮಗಳನ್ನು ಯಂತ್ರಕ್ಕೆ ತಿಳಿಯುವಂತೆ ಒಂದೊಂದಾಗಿ ಬರೆಯಿರಿ. ತಾಯಿಯ ಗುರುತಿನ ಚೀಟಿ ಮನೆಯಲ್ಲಿಯೇ ಉಳಿದಿದ್ದರೆ ಏನಾಗಬೇಕೆಂಬುದನ್ನೂ ಬರೆಯಿರಿ. ಶಾಲೆ ತೆರೆದ ಮೊದಲ ವಾರದಲ್ಲಿ ಉತ್ತರಗಳನ್ನು ನನ್ನ ಕೋಣೆಗೆ ತಂದುಕೊಡುವುದು. ಬರೆದವರು ಅದನ್ನು ಮನೆಯಲ್ಲಿ ಒಬ್ಬರಿಗೆ ವಿವರಿಸಿ, ಅವರು ಕೇಳಿದ ಪ್ರಶ್ನೆಯನ್ನು ಕೆಳಗೆ ಬರೆದು ತರತಕ್ಕದ್ದು.